ಉಳಿತಾಯಕ್ಕೆ ಬೆಲೆ ತೆತ್ತವರು: ಶಿರಸಿ ಸೀಮೆಯ ಒಂದು ತೋಟಗಾರ ಕುಟುಂಬದ ಪ್ರಕರಣ

ಶಿರಸಿ ಸೀಮೆಯಲ್ಲಿ ಹಣವಿರುವ ಮನೆಯನ್ನು ಹೊರಗಿನಿಂದ ಗುರುತಿಸುವುದು ಕಷ್ಟ. ಹೆಂಚಿನ ಮಾಡು, ಅಂಗಳದಲ್ಲಿ ಒಣಹಾಕಿದ ಅಡಿಕೆ, ಜಗಲಿಯ ಮೇಲೆ ಕವಳದ ತಬಕು, ಯಜಮಾನರ ಸೊಂಟದಲ್ಲಿ ಮಾಸಿದ ಪಂಚೆ. ಒಂದು ಎಕರೆ ತೋಟದವರೂ ಹೀಗೆಯೇ ಇರುತ್ತಾರೆ, ಎಂಟು ಎಕರೆಯವರೂ ಹೀಗೆಯೇ ಇರುತ್ತಾರೆ. ಇದ್ದವರು ಇಲ್ಲದವರ ಎದುರು ಮೆರೆಯದಿರುವುದು ಈ ಸೀಮೆಯ ದೊಡ್ಡ ಗುಣವೆಂದೇ ನಾನು ನಂಬಿದ್ದೇನೆ. ಹಾಗೆ ನಂಬಿಕೊಂಡೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಲ್ಲಿನ ಯಜಮಾನರು ಲೋಭಿಯಲ್ಲ, ಕೆಟ್ಟವರಂತೂ ಅಲ್ಲವೇ ಅಲ್ಲ. ಆದರೂ ಅವರ ಮಿತವ್ಯಯ ಇತರರ ಬದುಕನ್ನು ಹಿಂಡುತ್ತಿತ್ತು.

ಸಹಕಾರಿ ರಂಗದಲ್ಲಿ ದುಡಿದು ನಿವೃತ್ತನಾದ ಮೇಲೆ ನಾನು ಪರಿಚಿತ ಕುಟುಂಬಗಳಿಗೆ ಠೇವಣಿ, ಉಯಿಲು, ಪಾಲುಪಟ್ಟಿಗಳ ವಿಷಯದಲ್ಲಿ ನೆರವಾಗುತ್ತಿದ್ದೇನೆ. ಈ ಕುಟುಂಬದವರು ಪ್ರಕರಣವನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಊರು, ವಯಸ್ಸು, ಮೊತ್ತಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಮನೆಯ ಹಿರಿಯರನ್ನು ಯಜಮಾನರು ಎಂದೂ, ಅವರ ಪತ್ನಿಯನ್ನು ಮಕ್ಕಳು ಕರೆಯುವಂತೆ ಆಯಿ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಯಜಮಾನರಿಗೆ 76 ವರ್ಷ, ಆಯಿಗೆ 70. ಘಟ್ಟದ ಮೇಲಿನ ಕಣಿವೆಯೊಂದರಲ್ಲಿ 8 ಎಕರೆ ಅಡಿಕೆ ತೋಟ, ನಡುನಡುವೆ ಕಾಳುಮೆಣಸು ಮತ್ತು ಬಾಳೆ, ಅದಕ್ಕೆ ಹೊಂದಿಕೊಂಡು ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಈ ಭಾಗದ ಬಹುಪಾಲು ಕುಟುಂಬಗಳು ಒಂದೆರಡು ಎಕರೆಯಲ್ಲೇ ಬದುಕುವಾಗ ಎಂಟು ಎಕರೆ ದೊಡ್ಡ ಹಿಡುವಳಿ. ಒಳ್ಳೆಯ ವರ್ಷದಲ್ಲಿ 60 ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆಗುತ್ತಿತ್ತು. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. ಇಬ್ಬರೂ ಚೆನ್ನಾಗಿ ಗಳಿಸುತ್ತಾರೆ. ನಾನು ಮೊದಲ ಬಾರಿ ಠೇವಣಿ ಪತ್ರಗಳನ್ನು ಕೂಡಿಸಿದಾಗ ಮೊತ್ತ ಎರಡೂವರೆ ಕೋಟಿ ರೂಪಾಯಿಗೆ ಬಂತು. ಮನೆಯ ವಾರ್ಷಿಕ ಖರ್ಚು ಎರಡೂವರೆ ಲಕ್ಷ.

ಈ ಅಂತರವನ್ನು ನೋಡಿ ನಗುವವರು ಅಡಿಕೆಯ ಲೆಕ್ಕ ತಿಳಿಯದವರು. ತಿಂಗಳ ಸಂಬಳ ಬರುವವರಿಗೆ ಮುಂದಿನ ತಿಂಗಳು ಕಾಣುತ್ತದೆ. ಅಡಿಕೆಯವರಿಗೆ ಕಾಣುವುದು ಮುಂದಿನ ಕೊಯ್ಲು ಮಾತ್ರ, ಅದೂ ಮಂಜು ಮುಸುಕಿದಂತೆ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಆಷಾಢದ ಮಳೆ ಬಿಡದೆ ಸುರಿದರೆ ಕೊಳೆ ರೋಗ ಬಂದು ಎಳೆಯ ಅಡಿಕೆಯೆಲ್ಲ ಮರದ ಬುಡಕ್ಕೆ ಉದುರುತ್ತದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬೇರೆ. ಧಾರಣೆಯೂ ಹಾಗೆಯೇ: 2014ರಲ್ಲಿ ಅದು ಏಕಾಏಕಿ ಏರಿದಾಗ ಊರಿನಲ್ಲಿ ಕೆಲವರು ಸಾಲ ಮಾಡಿ ತಾರಸಿ ಮನೆ ಕಟ್ಟಿಸಿದರು, ಕಾರು ತಂದರು. ಧಾರಣೆ ಇಳಿದ ಮೇಲೆ ಕಂತು ಮಾತ್ರ ಉಳಿಯಿತು. ಯಜಮಾನರು ಆ ವರ್ಷ ಬಂದ ಹಣವನ್ನೆಲ್ಲ ಠೇವಣಿ ಇಟ್ಟರು. ಅಲ್ಲಿ ಅವರು ಮಾಡಿದ್ದು ಸರಿ.

ಅವರ ನಡವಳಿಕೆಯ ಬೇರು ಇನ್ನೂ ಆಳದಲ್ಲಿತ್ತು. ಅವರಿಗೆ ಹನ್ನೊಂದು ವರ್ಷವಿದ್ದಾಗ ಸತತ ಎರಡು ಮಳೆಗಾಲ ಕೊಳೆ ಬಂದು ಬೆಳೆ ಹೋಯಿತು. ತಂದೆ ಮುಂದಿನ ವರ್ಷದ ಫಸಲನ್ನು ಮರದಲ್ಲಿರುವಾಗಲೇ ಒಬ್ಬ ವ್ಯಾಪಾರಿಗೆ ಒಪ್ಪಿಸಿ ಮುಂಗಡ ಪಡೆದರು. ಸಾಲ ತೀರಲಿಲ್ಲ. ಎರಡು ಎಕರೆ ತೋಟ ಮಾರಿದರು. ಬಚ್ಚಲಿನ ತಾಮ್ರದ ಹಂಡೆಯನ್ನು ಗಾಡಿಗೆ ಏರಿಸಿಕೊಂಡು ಹೋದದ್ದನ್ನು ಹುಡುಗ ನಿಂತು ನೋಡಿದ. ಇಂಥ ಕಥೆಗಳು ಈ ಸೀಮೆಗೆ ಹೊಸತಲ್ಲ. ವ್ಯಾಪಾರಿಗಳ ಮುಂಗಡದ ಹಿಡಿತದಿಂದ ಬೆಳೆಗಾರರನ್ನು ಬಿಡಿಸಲೆಂದೇ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಆದರೆ ಸಂಘವಿದ್ದ ಮಾತ್ರಕ್ಕೆ ಎಲ್ಲ ಮನೆಗಳೂ ವ್ಯಾಪಾರಿಯ ಬಾಗಿಲಿನಿಂದ ಒಮ್ಮೆಲೇ ಹೊರಬರಲಿಲ್ಲ. ಮಾರಿದ ಆ ಎರಡು ಎಕರೆಯನ್ನು ಯಜಮಾನರು ತಮ್ಮ ನಲವತ್ತನೆಯ ವಯಸ್ಸಿನಲ್ಲಿ ಮರಳಿ ಕೊಂಡರು. ಅಂದಿನಿಂದ ಇಂದಿನವರೆಗೆ ಒಂದು ರೂಪಾಯಿ ಸಾಲ ಮಾಡಿಲ್ಲ.

ಸಮಸ್ಯೆ

ನನ್ನನ್ನು ಕರೆದದ್ದು ಮಗಳು. ಅವಳ ಮಾತು ನೇರವಾಗಿತ್ತು: “ನಮಗೆ ಅಪ್ಪಯ್ಯನ ಹಣ ಬೇಡ. ಆಯಿ ನಡೆಯುವಂತಾಗಬೇಕು.”

ಆಯಿಯ ಎರಡೂ ಮೊಣಕಾಲು ಸವೆದಿದ್ದವು. ವೈದ್ಯರು ಶಸ್ತ್ರಚಿಕಿತ್ಸೆ ಹೇಳಿ ಆರು ವರ್ಷವಾಗಿತ್ತು. ಯಜಮಾನರು ಬೇಡ ಎಂದು ಒಮ್ಮೆಯೂ ಹೇಳಿರಲಿಲ್ಲ. “ಈ ಕೊಯ್ಲು ಮುಗಿಯಲಿ” ಎನ್ನುತ್ತಿದ್ದರು. ಎಣ್ಣೆ, ಕಷಾಯ, ಪಟ್ಟಿಗಳಲ್ಲಿ ವರ್ಷಗಳು ಸರಿದವು. ಬಚ್ಚಲಿಗೆ ನಲ್ಲಿಯಿರಲಿಲ್ಲ, ಅಡುಗೆ ಮನೆಯಿಂದ ನೀರು ಹೊರಬೇಕಿತ್ತು. ಕೊಟ್ಟಿಗೆಯಲ್ಲಿ ಮೂರು ದನ, ಸಗಣಿ ಬಾಚುವುದು ಆಯಿ. ಹಂಡೆಗೆ ಉರಿ ಹಾಕಲು ಸೌದೆ ತರುವುದು ಆಯಿ. ಮಗ ತರಿಸಿಕೊಟ್ಟ ಬಟ್ಟೆ ಒಗೆಯುವ ಯಂತ್ರ ಪೆಟ್ಟಿಗೆಯಿಂದ ಹೊರಬಾರದೆ ಅಟ್ಟದ ಮೆಟ್ಟಿಲ ಬಳಿ ನಿಂತಿತ್ತು, ವಿದ್ಯುತ್ ಬಿಲ್ಲು ಹೆಚ್ಚುತ್ತದೆಂದು.

ಎರಡನೆಯದು ತೋಟದ ಕೂಲಿ. ಮರ ಏರಿ ಅಡಿಕೆ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗಾರರಿಗೆ ಅಕ್ಕಪಕ್ಕದವರು ಕೊಡುತ್ತಿದ್ದುದಕ್ಕಿಂತ ಯಜಮಾನರು ದಿನಕ್ಕೆ 200 ರೂಪಾಯಿ ಕಡಿಮೆ ಕೊಡುತ್ತಿದ್ದರು. ಎರಡು ವರ್ಷಗಳ ಹಿಂದೆ ಒಬ್ಬ ಕೊನೆಗಾರ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಯಜಮಾನರು ಮೊದಲ ಆಸ್ಪತ್ರೆ ಬಿಲ್ಲನ್ನು ಅದೇ ದಿನ ಕಟ್ಟಿದರು. ಆಮೇಲಿನ ಏಳು ತಿಂಗಳು ಅವನ ಮನೆ ಹೇಗೆ ನಡೆಯಿತೆಂದು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ.

ಮೂರನೆಯದು ಯಾರ ಕಣ್ಣಿಗೂ ಬೀಳದ ಸಂಗತಿ. ಎರಡೂವರೆ ಕೋಟಿಯಲ್ಲಿ 1 ಕೋಟಿ 60 ಲಕ್ಷ ಬೇರೆ ಬೇರೆ ಸಹಕಾರಿ ಸಂಘಗಳಲ್ಲಿತ್ತು, ಬ್ಯಾಂಕಿಗಿಂತ ಶೇಕಡಾ ಒಂದರಷ್ಟು ಬಡ್ಡಿ ಹೆಚ್ಚು ಸಿಗುತ್ತದೆಂದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಹಕಾರಿ ಸಂಘಗಳು ಕೃಷಿಕರನ್ನು ಕಾಪಾಡಿವೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಾನೂನು ಬೇರೆಯದನ್ನು ಹೇಳುತ್ತದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. 2020ರ ಫೆಬ್ರವರಿಯ ಮೊದಲು ಅದು 1 ಲಕ್ಷ ಮಾತ್ರವಿತ್ತು. ಸಹಕಾರಿ ಬ್ಯಾಂಕುಗಳೂ ಈ ವಿಮೆಯಡಿ ಬರುತ್ತವೆ. ಪ್ರಾಥಮಿಕ ಸಹಕಾರಿ ಸಂಘಗಳು ಬರುವುದಿಲ್ಲ. ಯಜಮಾನರ ಪತ್ರಗಳ ಪೈಕಿ ಹಲವಕ್ಕೆ ನಾಮನಿರ್ದೇಶನ ಇರಲಿಲ್ಲ, ಕೆಲವಕ್ಕೆ ತೀರಿಹೋದ ಅವರ ತಾಯಿಯ ಹೆಸರಿತ್ತು. ಉಯಿಲು ಬರೆದಿರಲಿಲ್ಲ. ಆಯಿಯ ಹೆಸರು ಪತ್ರಗಳಲ್ಲಿ ಎರಡನೆಯ ಹೆಸರಾಗಿ ಇತ್ತು. ಅವರು ಎಂದೂ ಒಂದು ರೂಪಾಯಿ ತೆಗೆದವರಲ್ಲ, ಎಲ್ಲೆಲ್ಲಿ ಎಷ್ಟಿದೆಯೆಂದು ಅವರಿಗೆ ಗೊತ್ತೂ ಇರಲಿಲ್ಲ.

ಮಾಡಿ ನೋಡಿದ್ದು

ನಾನು ಹೋಗುವ ಮೊದಲೇ ಮಕ್ಕಳು ತಮಗೆ ತೋಚಿದ್ದನ್ನೆಲ್ಲ ಮಾಡಿದ್ದರು. ಮಗ ವಸ್ತುಗಳನ್ನು ಕಳಿಸುತ್ತಿದ್ದ. ವಸ್ತು ಬಂದಷ್ಟೂ ಯಜಮಾನರು ಬಿಗಿಯಾದರು, ಅದನ್ನು ತಮ್ಮ ಬದುಕಿನ ಮೇಲಿನ ಟೀಕೆಯೆಂದು ತಿಳಿದರು. ಒಮ್ಮೆ ಮಗ ಫೋನಿನಲ್ಲಿ ವಾದಕ್ಕಿಳಿದಾಗ ಅವರು ವಾರೆನ್ ಬಫೆಟ್ ಉದಾಹರಣೆ ಕೊಟ್ಟರಂತೆ: ಲೋಕದ ದೊಡ್ಡ ಶ್ರೀಮಂತ 1958ರಲ್ಲಿ ಕೊಂಡ ಮನೆಯಲ್ಲೇ ಇದ್ದಾನೆ, ನಾನು ಅಜ್ಜ ಕಟ್ಟಿಸಿದ ಮನೆಯಲ್ಲಿದ್ದರೆ ತಪ್ಪೇನು? ಮಗನಿಗೆ ಉತ್ತರ ಹೊಳೆಯಲಿಲ್ಲ. ಮಗಳು ಹೇಳಿದಳು: “ಅಪ್ಪಯ್ಯ, ಆತ ತನ್ನ ಸಂಪತ್ತಿನ ಬಹುಪಾಲನ್ನು ದಾನ ಮಾಡುವುದಾಗಿ 2006ರಲ್ಲೇ ಘೋಷಿಸಿದ್ದಾನೆ. ಹಣ ಎಲ್ಲಿಗೆ ಹೋಗಬೇಕೆಂದು ತಾನೇ ನಿರ್ಧರಿಸಿದ. ನೀವು ಇನ್ನೂ ನಿರ್ಧರಿಸಿಲ್ಲ.” ಯಜಮಾನರು ಫೋನನ್ನು ಆಯಿಯ ಕೈಗೆ ಕೊಟ್ಟು ತೋಟಕ್ಕೆ ಹೋದರು. ಆ ಮಾತು ಅವರಿಗೆ ನಾಟಿತ್ತೆಂದು ನನಗೆ ಬಹಳ ಕಾಲದ ಮೇಲೆ ತಿಳಿಯಿತು.

ನಾನು ಮೊದಲು ಮಾಡಿದ್ದು ಎಲ್ಲ ಲೆಕ್ಕಿಗರೂ ಮಾಡುವ ಕೆಲಸ. ಒಂದು ಹಾಳೆಯಲ್ಲಿ ಬಡ್ಡಿಯ ಆದಾಯ 18 ಲಕ್ಷ, ಮನೆಯ ಖರ್ಚು ಎರಡೂವರೆ ಲಕ್ಷ ಎಂದು ಬರೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, “ಲೆಕ್ಕ ಸರಿಯಿದೆ” ಎಂದು ಹಾಳೆಯನ್ನು ಮಡಚಿ ಪಂಚಾಂಗದೊಳಗೆ ಇಟ್ಟರು. ಅಷ್ಟೇ. ಹಣ ಎಷ್ಟಿದೆಯೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಭಯವಿದ್ದವನಿಗೆ ಕೈಯಲ್ಲಿರುವ ಮೊತ್ತವನ್ನು ತೋರಿಸಿದರೆ ಭಯ ಕಡಿಮೆಯಾಗುವುದಿಲ್ಲ. ಕಳೆದುಕೊಳ್ಳಲು ಇಷ್ಟೊಂದಿದೆಯೇ ಎಂದು ಹೆಚ್ಚುವುದೂ ಉಂಟು.

ಮುಂದಿನ ಹಂತದಲ್ಲಿ ಮನೆಯ ಉಳಿತಾಯಗಳನ್ನೇ ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ಒಂದು ಹೆಸರು ಬರೆಯತೊಡಗಿದೆ: ಈ ಉಳಿತಾಯಕ್ಕಾಗಿ ಮೈ ಸವೆಸುವವರು ಯಾರು? ತೇಪೆ ಹಾಕಿದ ಅಂಗಿ, ಯಜಮಾನರು. ಬಸ್ಸಿನಲ್ಲೇ ಶಿರಸಿಗೆ ಹೋಗಿಬರುವುದು, ಯಜಮಾನರು. ಹಳೆಯ ಕೊಡೆ, ಮಗಳ ಹಳೆಯ ನೋಟುಪುಸ್ತಕಗಳ ಖಾಲಿ ಬದಿಯಲ್ಲಿ ಬರೆಯುವ ದಿನದ ಲೆಕ್ಕದ ಕಿರ್ದಿ, ಮದುವೆ ಮನೆಗಳಲ್ಲಿ ಆಡಂಬರ ಮಾಡದಿರುವುದು, ಎಲ್ಲವೂ ಯಜಮಾನರು. ಬಚ್ಚಲಿಗೆ ನಲ್ಲಿ ಹಾಕಿಸದಿರುವುದು, ಆಯಿ. ಸೌದೆ ಒಲೆ, ಆಯಿ. ಕೊಟ್ಟಿಗೆಗೆ ಆಳಿಲ್ಲದಿರುವುದು, ಆಯಿ. ಮೊಣಕಾಲು, ಆಯಿ. ದಿನಕ್ಕೆ 200 ರೂಪಾಯಿ ಕಡಿಮೆ ಕೂಲಿ, ಕೊನೆಗಾರರು.

ಈ ಪಟ್ಟಿ ನನ್ನ ದಾರಿಯನ್ನು ಖಚಿತ ಮಾಡಿತು. ಮೊದಲ ಗುಂಪನ್ನು ಮುಟ್ಟುವ ಹಕ್ಕು ನನಗಾಗಲಿ ಮಕ್ಕಳಿಗಾಗಲಿ ಇಲ್ಲ. ಎಪ್ಪತ್ತಾರು ವರ್ಷದ ಮನುಷ್ಯ ತೇಪೆಯ ಅಂಗಿಯಲ್ಲಿ ನೆಮ್ಮದಿಯಾಗಿದ್ದರೆ ಅದು ಅವರ ಸ್ವಾತಂತ್ರ್ಯ, ಇಂದಿನ ಕಾಲದಲ್ಲಿ ಅಪರೂಪದ ಸ್ವಾತಂತ್ರ್ಯ. ಎರಡನೆಯ ಗುಂಪಿನ ಕತೆ ಬೇರೆ. ಅಲ್ಲಿ ಸರಳ ಬದುಕಿನ ಗೌರವ ಒಬ್ಬರಿಗೆ ಸಲ್ಲುತ್ತಿತ್ತು, ದಣಿವು ಇನ್ನೊಬ್ಬರಿಗೆ. ಊರಿನವರು ಯಜಮಾನರನ್ನು ಹೊಗಳುವಾಗ ಆಯಿಯ ಮೊಣಕಾಲಿನ ಮೇಲೆ ನಿಂತು ಹೊಗಳುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಮಕ್ಕಳಿಗೆ ಒಂದೇ ಮಾತು ಹೇಳಿದೆ: ಅಂಗಿ, ಬಸ್ಸು, ಕೊಡೆಗಳ ವಿಷಯ ಇನ್ನು ಎತ್ತಬೇಡಿ. ಅವರು ನಿಲ್ಲಿಸಿದ ಮೇಲೆ ಮನೆಯಲ್ಲಿ ಮಾತುಕತೆ ಸಾಧ್ಯವಾಯಿತು. ಪಟ್ಟಿಯನ್ನು ಮಾತ್ರ ಯಜಮಾನರಿಗೆ ತೋರಿಸಲಿಲ್ಲ, ಸಮಯ ಬಂದಿರಲಿಲ್ಲ.

ಆ ಮಳೆಗಾಲ

ಕೊಳೆ ರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ. ಎರಡನೆಯದು ನಡುಮಳೆಗಾಲದ ಕೆಲಸ, ಬಿಡುವು ಸಿಕ್ಕ ನಾಲ್ಕಾರು ದಿನಗಳಲ್ಲೇ ಮುಗಿಯಬೇಕು. ಎಲ್ಲ ತೋಟಗಳಿಗೂ ಅದೇ ದಿನಗಳು ಬೇಕು. ಮರ ಏರಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು.

ಆ ವರ್ಷ ಯಜಮಾನರ ತೋಟಕ್ಕೆ ಕೊನೆಗಾರರು ಬಂದದ್ದು ಬಿಡುವು ಮುಗಿದ ಮೇಲೆ. ಹೊಡೆದ ಔಷಧಿ ಮಳೆಗೆ ತೊಳೆದುಹೋಯಿತು. ತೋಟದ ತಗ್ಗಿನ ಭಾಗದಲ್ಲಿ ಕೊಳೆ ಹಬ್ಬಿತು. ಕೊಯ್ಲಿನಲ್ಲಿ ಲೆಕ್ಕ ಹಾಕಿದರೆ 12 ಕ್ವಿಂಟಲ್ ಕಡಿಮೆ.

ಊರಿನ ಇತರ ತೋಟಗಳಲ್ಲಿ ಅಷ್ಟು ಹಾನಿಯಾಗಿರಲಿಲ್ಲ. ಯಜಮಾನರನ್ನು ಕಾಡಿದ್ದು ಇದೇ. ಹಿಂದೆ ಬಿದ್ದು ಕಾಲು ಮುರಿದುಕೊಂಡಿದ್ದ ಕೊನೆಗಾರನ ತಮ್ಮನೂ ಅದೇ ಕೆಲಸದವನು. ಅವನನ್ನು ನಾನೇ ಮಾತನಾಡಿಸಿದೆ. ಯಾವ ಸಿಟ್ಟೂ ಇಲ್ಲದೆ ಹೇಳಿದ: “ಒಡೆಯರು ಕೆಟ್ಟವರಲ್ಲ. ಹೇಳಿದ ದಿನ ಕೂಲಿ ಕೊಟ್ಟಿದ್ದಾರೆ, ಹಬ್ಬಕ್ಕೆ ಬಾಳೆಗೊನೆ ಕೊಟ್ಟಿದ್ದಾರೆ. ಆದರೆ ಮಳೆ ನಮಗೆ ನಾಲ್ಕು ದಿನ ಕೊಡುತ್ತದೆ. ಆ ನಾಲ್ಕು ದಿನ ನಮ್ಮ ಕಷ್ಟಕ್ಕೆ ಬಂದವರ ತೋಟಕ್ಕೆ ಮೊದಲು ಹೋಗುತ್ತೇವೆ.”

ಈ ಮಾತನ್ನು ಯಜಮಾನರಿಗೆ ಹಾಗೆಯೇ ಮುಟ್ಟಿಸಿದೆ, ಒಂದು ಅಕ್ಷರ ಸೇರಿಸದೆ. ಅವರು ಉತ್ತರಿಸಲಿಲ್ಲ. ಮರುವಾರ ಹೋದಾಗ ಕಿರ್ದಿ ತೆರೆದಿತ್ತು. ಸಿಂಪಡಣೆ ಮತ್ತು ಕೊನೆಕೊಯ್ಲು ಸೇರಿ ವರ್ಷಕ್ಕೆ 80 ಆಳಿನ ದಿನಗೂಲಿ, ತಲಾ 200 ರೂಪಾಯಿಯಂತೆ ಉಳಿಸಿದ್ದು 16,000. ಹೋದ 12 ಕ್ವಿಂಟಲ್ ಅಡಿಕೆಯ ಬೆಲೆ ನಾಲ್ಕೂವರೆ ಲಕ್ಷ. ಎರಡನ್ನೂ ತಾವೇ ಬರೆದು ಅಡಿಗೆರೆ ಎಳೆದಿದ್ದರು. ಮಕ್ಕಳ ಮಾತು, ನನ್ನ ಮಾತು ತಲುಪದ ಕಡೆ ಅವರ ಸ್ವಂತ ಅಕ್ಷರದ ಲೆಕ್ಕ ತಲುಪಿತು. ಅಂದು ನಾನು ಉಳಿತಾಯಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಆಯಿಯ ಹೆಸರು ಎಷ್ಟು ಸಾಲುಗಳಲ್ಲಿದೆಯೆಂದು ಅವರು ಬೆರಳಿಟ್ಟು ನೋಡಿದರು.

ಎಷ್ಟಿದ್ದರೆ ಸಾಕು

ಆ ದಿನ ಅವರೇ ಹಂಡೆಯ ಕಥೆ ಹೇಳಿದರು. ಅದನ್ನು ಕೇಳಿದ ಮೇಲೆ ಖರ್ಚಿನ ಮಾತನ್ನು ನಾನು ಪೂರ್ತಿ ಬಿಟ್ಟೆ. ಬದಲಿಗೆ ಕೇಳಿದೆ: ಅಂಥ ಕಾಲ ಮತ್ತೆ ಬಂದರೆ ಎಷ್ಟು ಹಣ ಬೇಕು? ನೀವೇ ಬರೆಯಿರಿ.

ಅವರು ಅದನ್ನು ಗಂಭೀರವಾಗಿ ತೆಗೆದುಕೊಂಡರು. ಎರಡು ವರ್ಷ ಪೂರ್ತಿ ಬೆಳೆ ಹೋದರೂ ತೋಟ ನೋಡಿಕೊಳ್ಳಲು 18 ಲಕ್ಷ. ಆ ಎರಡು ವರ್ಷ ಮನೆಗೆ 6 ಲಕ್ಷ. ಇಬ್ಬರ ಆಸ್ಪತ್ರೆಗೆ 15 ಲಕ್ಷ. ಈ ಅಂಕಿಯನ್ನು ಬರೆಯುವಾಗ ಅವರು ತಡೆದು ನಿಂತರು, ಏಕೆಂದರೆ ದೊಡ್ಡ ಕಾಯಿಲೆಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ದನಿಯೆತ್ತಿದ್ದೂ ಇದೇ ಸಂಕಟದಿಂದ. ಎರಡು ಎಕರೆ ಮರುನಾಟಿ ಮಾಡಿ ಫಸಲು ಬರುವವರೆಗೆ 12 ಲಕ್ಷ. ಇತರೆ 9 ಲಕ್ಷ. ಒಟ್ಟು 60 ಲಕ್ಷ.

ಸ್ವಲ್ಪ ಹೊತ್ತು ನೋಡಿ, “ಎರಡರಷ್ಟು ಇರಲಿ” ಎಂದರು. ನಾನು ತಕರಾರು ಮಾಡಲಿಲ್ಲ. ಭಯಕ್ಕೆ ಅದರ ಮರ್ಯಾದೆ ಕೊಡಬೇಕು; ಆ ಭಯವೇ ಒಂದು ಕಾಲದಲ್ಲಿ ಈ ಮನೆಯನ್ನು ಎತ್ತಿ ನಿಲ್ಲಿಸಿತ್ತು. 1 ಕೋಟಿ 20 ಲಕ್ಷವನ್ನು ಯಾರೂ ಮುಟ್ಟದ ಆಪದ್ಧನವೆಂದು ಗೊತ್ತುಪಡಿಸಿದೆವು. ಅದಾದ ಮೇಲೂ 1 ಕೋಟಿ 30 ಲಕ್ಷ ಮಿಕ್ಕಿತು. ಮಿಕ್ಕಿದ್ದು ಯಾತಕ್ಕೆ ಎಂಬ ಪ್ರಶ್ನೆಯನ್ನು ಅವರೇ ಎತ್ತಿದರು. ಮಗಳು ಫೋನಿನಲ್ಲಿ ಹೇಳಿದ್ದು ಅಲ್ಲಿಯವರೆಗೂ ಅವರೊಳಗೆ ಉಳಿದಿತ್ತು.

ಆಪದ್ಧನವೆಂದ ಮೇಲೆ ಅದು ಆಪತ್ತಿನಲ್ಲಿ ಕೈಗೆ ಸಿಗಬೇಕು. ಸಂಘಗಳ ಠೇವಣಿಗೆ ವಿಮೆಯಿಲ್ಲವೆಂಬುದನ್ನು ಆಗ ವಿವರಿಸಿದೆ. ಮೊದಲೇ ಹೇಳಿದ್ದರೆ ಅವರ ಭಯಕ್ಕೆ ಇನ್ನೊಂದು ಭಯ ಸೇರುತ್ತಿತ್ತು. ಈಗ ಅದು ಯೋಜನೆಯ ಒಂದು ಭಾಗವಾಯಿತು. ಅವಧಿ ಮುಗಿದ ಹಾಗೆ ಠೇವಣಿಗಳನ್ನು ಬೇರೆ ಬೇರೆ ರಾಷ್ಟ್ರೀಕೃತ ಬ್ಯಾಂಕುಗಳಿಗೆ ಮತ್ತು ಅಂಚೆ ಕಚೇರಿಗೆ ಸರಿಸಲು ಒಪ್ಪಿದರು. ತಾವು ಸದಸ್ಯರಾಗಿರುವ ಊರಿನ ಸಂಘದಲ್ಲಿ ಮಾತ್ರ ಒಂದು ಪಾಲು ಉಳಿಸಿಕೊಂಡರು. ಕಷ್ಟಕಾಲದಲ್ಲಿ ಗೊಬ್ಬರಕ್ಕೆ ಸಾಲ ಕೊಟ್ಟು ಊರನ್ನು ಹಿಡಿದು ನಿಲ್ಲಿಸಿದ ಸಂಘವದು. ಅದಕ್ಕೆ ಬೆನ್ನು ತಿರುಗಿಸಲಾರೆ ಎಂದರು. ಆ ನಿರ್ಧಾರ ನನಗೆ ತುಂಬ ಇಷ್ಟವಾಯಿತು.

ಆಯಿಯ ಖಾತೆ

ಇಡೀ ಪ್ರಕರಣದಲ್ಲಿ ಹೆಚ್ಚು ಯೋಚಿಸಿ ಇಟ್ಟ ಹೆಜ್ಜೆ ಇದು. ಶಸ್ತ್ರಚಿಕಿತ್ಸೆಗೆ ಯಜಮಾನರು ಈಗ ಒಪ್ಪಿದ್ದರು, ಮಗಳು ಮರುದಿನವೇ ದಿನಾಂಕ ನಿಗದಿ ಮಾಡಲು ಸಿದ್ಧಳಿದ್ದಳು. ನಾನು ತಡೆದೆ. ಆಯಿಯನ್ನು ಯಾರೂ ಕೇಳಿರಲಿಲ್ಲ.

ಕೇಳಿದಾಗ ಅವರು ಹೇಳಿದ್ದು ಮೊಣಕಾಲಿನ ವಿಷಯವಲ್ಲ. “ಅವರು ಎಂದೂ ಇಲ್ಲ ಎಂದಿಲ್ಲ. ಆದರೆ ಐವತ್ತು ವರ್ಷದಿಂದ ಕೇಳಿ ತೆಗೆದುಕೊಳ್ಳುತ್ತಿದ್ದೇನೆ. ತಂಗಿಯ ಮಗಳ ಫೀಸಿಗೆ ಎರಡು ಸಾವಿರ ಕೊಡಬೇಕೆಂದರೂ ಕೇಳಬೇಕು. ಮಾರಿಕಾಂಬೆಗೆ ಉಡಿ ಕೊಡಬೇಕೆಂದರೂ ಕೇಳಬೇಕು. ಕೇಳುವುದು ಸಾಕಾಗಿದೆ.”

ಯಜಮಾನರು ಪಕ್ಕದಲ್ಲೇ ಕುಳಿತಿದ್ದರು. ಅವರಿಗೆ ಇದು ಹೊಸ ಸುದ್ದಿ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂಪಾಯಿವರೆಗೆ ಇಡಬಹುದು. 2023ರ ಏಪ್ರಿಲ್‌ಗೆ ಮೊದಲು ಮಿತಿ 15 ಲಕ್ಷವಿತ್ತು. ನಾವು ತೊಡಗಿಸಿದಾಗ ಬಡ್ಡಿ ಶೇಕಡಾ 8.2, ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಗಂಡ, ಹೆಂಡತಿ ಬೇರೆ ಬೇರೆಯಾಗಿ ಪೂರ್ತಿ ಮಿತಿಯವರೆಗೆ ಇಡಬಹುದು. ಆಯಿಯ ಒಬ್ಬರ ಹೆಸರಿನಲ್ಲೇ 30 ಲಕ್ಷ ಇಟ್ಟರೆ ಮೂರು ತಿಂಗಳಿಗೆ 61,500 ರೂಪಾಯಿ ಬರುತ್ತದೆ. ಯಜಮಾನರು ಒಂದು ಆಕ್ಷೇಪ ಎತ್ತಿದರು: ಗಂಡ ಕೊಟ್ಟ ಹಣದ ಬಡ್ಡಿ ತೆರಿಗೆಯ ಲೆಕ್ಕದಲ್ಲಿ ಗಂಡನ ಆದಾಯಕ್ಕೇ ಸೇರುತ್ತದಲ್ಲ? ಹೌದು, ಸೇರುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿದ್ದರೂ ಬಡ್ಡಿಗೆ ಇದ್ದೇ ಇದೆ. ತೆರಿಗೆ ಉಳಿಸಲು ಇದನ್ನು ಮಾಡುತ್ತಿಲ್ಲ ಎಂದೆ. ಅವರು ಆಯಿಯ ಕಡೆ ನೋಡಿ, “ತೆರಿಗೆ ನಾನು ಕಟ್ಟುತ್ತೇನೆ” ಎಂದರು. ನಲವತ್ತು ವರ್ಷಗಳ ಕಿರ್ದಿಯಲ್ಲಿ ಅಂಥ ಒಂದು ಸಾಲು ಇದ್ದಿರಲಾರದು.

ಅಂಚೆ ಕಚೇರಿಯಲ್ಲಿ ಅರ್ಜಿಯ ಮೊದಲ ಜಾಗದಲ್ಲಿ ಸಹಿ ಹಾಕುವಾಗ ಆಯಿ ಅಭ್ಯಾಸದಂತೆ ಕೆಳಗಿನ ಗೆರೆಗೆ ಕೈ ಒಯ್ದರು. ಅಲ್ಲಿನ ಗುಮಾಸ್ತೆ ಮೇಲಿನ ಗೆರೆ ತೋರಿಸಿದಳು.

ಒಂದು ಷರತ್ತನ್ನು ಯಜಮಾನರು ತಾವಾಗಿ ಒಪ್ಪಿಕೊಂಡರು: ಆ ಬಡ್ಡಿಯ ಲೆಕ್ಕವನ್ನು ಅವರು ಕೇಳುವುದಿಲ್ಲ. ಇಂಥ ಮನೆಗಳಲ್ಲಿ ಠೇವಣಿಯ ಮೊತ್ತಕ್ಕಿಂತ ಈ ಷರತ್ತು ಮುಖ್ಯ. ಹೆಂಡತಿಯ ಹೆಸರಿನಲ್ಲಿ ಲಕ್ಷಗಟ್ಟಲೆ ಇದ್ದೂ ಪಾಸ್‌ಬುಕ್ಕು ಗಂಡನ ಕಪಾಟಿನಲ್ಲಿರುವ ಮನೆಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ಆಮೇಲೆ

ಮೊದಲ ಬಡ್ಡಿಯಲ್ಲಿ ಆಯಿ ಪಕ್ಕದ ಕೇರಿಯ ಹೆಂಗಸೊಬ್ಬಳನ್ನು ಕೊಟ್ಟಿಗೆಯ ಕೆಲಸಕ್ಕೆ ಗೊತ್ತು ಮಾಡಿದರು. ಕೂಲಿ ಎಷ್ಟೆಂದು ತಾವೇ ನಿಗದಿ ಮಾಡಿದರು, ಊರಿನ ದರಕ್ಕಿಂತ ಸ್ವಲ್ಪ ಹೆಚ್ಚಿಗೆ. ಬಚ್ಚಲಿಗೆ ನಲ್ಲಿ ಬಂತು. ಶಸ್ತ್ರಚಿಕಿತ್ಸೆಯ ದಿನವನ್ನೂ ಅವರೇ ಹೇಳಿದರು: ಉಪ್ಪಿನಕಾಯಿಯ ಅಪ್ಪೆಮಿಡಿ ಉಪ್ಪಿಗೆ ಹಾಕಿ ಮುಗಿದ ಮೇಲೆ. ಮಗಳಿಗೆ ಇದು ಇನ್ನೊಂದು ಮುಂದೂಡಿಕೆಯೆಂದು ಅನ್ನಿಸಿತು. ಅದು ಹಾಗಿರಲಿಲ್ಲ, ಮಿಡಿ ಮುಗಿದ ವಾರವೇ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೊರಟರು. ಒಂದು ಕಾಲಿಗೆ ಆಯಿತು. ಆರು ವರ್ಷ ಕಾದದ್ದರಿಂದ ಕಾಲು ಸೊಟ್ಟಗಾಗಿ ಸ್ನಾಯುಗಳು ಬಡಕಲಾಗಿದ್ದವು, ಚೇತರಿಕೆಗೆ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ನಷ್ಟ ಯಾವ ಹಣಕ್ಕೂ ಮರಳುವುದಿಲ್ಲ. ಇನ್ನೊಂದು ಕಾಲಿನ ನಿರ್ಧಾರವನ್ನು ಆಯಿ ಇನ್ನೂ ಮಾಡಿಲ್ಲ.

ಕೊನೆಗಾರರ ಕೂಲಿ ಊರಿನ ದರಕ್ಕೆ ಬಂತು. ಯಜಮಾನರು ತೋಟಕ್ಕೆ ಬರುವ ಎಲ್ಲರಿಗೂ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸಿದರು. ವರ್ಷಕ್ಕೆ ಕಂತು ಕೇವಲ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ 2 ಲಕ್ಷ ಸಿಗುತ್ತದೆ. ಕಾಲು ಮುರಿದು ಆಸ್ಪತ್ರೆ ಸೇರಿದರೆ ಇದರಿಂದ ಏನೂ ಸಿಗದು, ಹಾಗಾಗಿ ಆಸ್ಪತ್ರೆ ಖರ್ಚು ಸೇರಿದ ಬೇರೊಂದು ಅಪಘಾತ ವಿಮೆಯನ್ನೂ ಮಾಡಿಸಬೇಕಾಯಿತು. ಬಿದ್ದಿದ್ದ ಕೊನೆಗಾರನ ಮನೆಗೆ ಯಜಮಾನರು ಒಬ್ಬರೇ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರ ತೋಟದ ಎರಡನೆಯ ಸಿಂಪಡಣೆ ಬಿಡುವಿನ ಎರಡನೆಯ ದಿನವೇ ಮುಗಿಯಿತು.

ಅಂಗಿಗೆ ತೇಪೆ ಈಗಲೂ ಇದೆ. ಶಿರಸಿಗೆ ಈಗಲೂ ಬಸ್ಸೇ. ಬಟ್ಟೆ ಒಗೆಯುವ ಯಂತ್ರವನ್ನು ಆಯಿ ಕೆಲಸದ ಹೆಂಗಸಿನ ಮನೆಗೆ ಕೊಟ್ಟುಬಿಟ್ಟರು, ಅವಳಿಗೆ ಚಿಕ್ಕ ಮಕ್ಕಳಿವೆಯೆಂದು. ಮಗನಿಗೆ ಬೇಸರವಾಯಿತು. ಅವನ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಈ ಪ್ರಕರಣದ ನಂತರ ಬೇರೆ ಮನೆಗಳಿಗೆ ಹೋದಾಗ ನಾನು ಠೇವಣಿಗಳ ಮೊತ್ತವನ್ನು ಕೊನೆಗೆ ಕೇಳುತ್ತೇನೆ. ಮೊದಲು ಆ ಮನೆಯ ಹೆಂಗಸಿಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಎಷ್ಟಿದೆಯೆಂದು, ಆಮೇಲೆ ಕಳೆದ ಐದು ವರ್ಷಗಳಲ್ಲಿ ಮುಂದೂಡಿದ ಚಿಕಿತ್ಸೆ ಯಾವುದೆಂದು ವಿಚಾರಿಸುತ್ತೇನೆ. ಅನಂತರ ಹಿರಿಯರ ಬಾಲ್ಯದ ಕಷ್ಟದ ಕಥೆಯನ್ನು ಸಾವಧಾನವಾಗಿ ಕೇಳಿ, ಆ ಕಷ್ಟಕ್ಕೆ ಅವರ ಕೈಯಿಂದಲೇ ಒಂದು ಮೊತ್ತ ಬರೆಸುತ್ತೇನೆ. ಎಲ್ಲರೂ ಬರೆಯುವುದಿಲ್ಲ. ಕಾರವಾರದ ಕಡೆಯ ಒಬ್ಬ ಹಿರಿಯ ವರ್ತಕರು ಬರೆಯಲು ಒಪ್ಪಲೇ ಇಲ್ಲ, ಅಲ್ಲಿ ಕೆಲಸ ನಿಂತಿದೆ. ಬಾಲ್ಯದಲ್ಲಿ ಕಷ್ಟವನ್ನೇ ಕಾಣದೆ, ಅಭ್ಯಾಸದಿಂದಲೋ ಅಧಿಕಾರದ ರುಚಿಯಿಂದಲೋ ಹಣ ಬಿಗಿಹಿಡಿದವರಿಗೆ ಈ ದಾರಿ ನಡೆಯದು.

ಇನ್ನು ಉಳಿದದ್ದು ತೋಟದ ವಿಷಯ. ಠೇವಣಿಗಳಿಗೆ ಸಂಬಂಧಿಸಿ ಯಜಮಾನರು ಉಯಿಲು ಬರೆದಿದ್ದಾರೆ. ಉಯಿಲಿಗೆ ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಐಚ್ಛಿಕ. ಅವರು ನೋಂದಾಯಿಸಿಯೇ ಬಂದರು. ತೋಟದ ಆರು ಎಕರೆ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅದರಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಹಣ ಬೇಡವೆಂದಿದ್ದ ಮಗಳು ಈಗ ತೋಟದಲ್ಲಿ ತನ್ನ ಪಾಲು ಕೇಳಿದ್ದಾಳೆ, ಬೆಂಗಳೂರು ಬಿಟ್ಟು ಬಂದು ತೋಟ ನೋಡಿಕೊಳ್ಳುವ ಯೋಚನೆ ಅವಳದು. ಮಗ ಒಪ್ಪಿದ್ದಾನೆ. ಯಜಮಾನರು ಮೊದಲು ಮೌನವಾಗಿದ್ದರು, ಈ ಸಲದ ಕೊಯ್ಲು ಮುಗಿದ ಮೇಲೆ ಪಾಲುಪಟ್ಟಿಗೆ ಬೇಕಾದ, ಜಮೀನು ಅಳೆದು ಕೊಡುವ 11ಇ ನಕ್ಷೆಗೆ ಅರ್ಜಿ ಹಾಕಲು ಹೇಳಿದರು. ಅರ್ಜಿ ಹಾಕಿದ್ದೇವೆ, ಭೂಮಾಪಕರು ಇನ್ನೂ ಬಂದಿಲ್ಲ.